ಗುಂಡಿ ಬಿಚ್ಚದ ತೋಳು

ಆರ್ಸನ್ ಥೇನ್ ಅವ್ರನ್ನ ನಮ್ಮ ಸೇಜ್ ವಾಶ್ ಊರಲ್ಲಿ ಎಲ್ರೂ ದೊಡ್ಡಪ್ಪ ಅಂತಿದ್ರು. ಅವ್ರ ಸ್ವಂತ ಮಕ್ಕಳೂ ಹಂಗೇ ಅಂತಿದ್ರು. ಅದಕ್ಕೆ ಕಾರಣ ಇತ್ತು. ದೊಡ್ಡಪ್ಪಂಗೆ ಮೂರು ಜನ ಹೆಂಡ್ತೀರು, ಮೂರು ಮನೆ, ಎಂಟು ಮಕ್ಕಳು. ಒಬ್ಬಳಿಗಿಂತ ಹೆಚ್ಚು ಹೆಂಡ್ತಿ ಇದ್ರೆ ಜೈಲು ಅಂತ ಕಾನೂನು. ರಸ್ತೇಲಿ ಕಾರಿನ ಸದ್ದು ಕೇಳಿದ ತಕ್ಷಣ ಅಪ್ಪಾ ಅನ್ನೋದು ಬಿಟ್ಟು ದೊಡ್ಡಪ್ಪಾ ಅನ್ಬೇಕು ಅಂತ ಮಕ್ಕಳಿಗೆ ಅವ್ರೇ ಕಲಿಸಿದ್ರು. ಮಕ್ಕಳು ಕಾರು ಹೋದ್ಮೇಲೂ ಹಂಗೇ ಕರೆದ್ರು. ಆಮೇಲೆ ಊರೇ ಕರೀತು.

ನಾನು ಡೆಲ್ಬರ್ಟ್. ಅವ್ರ ಮರ ಕೊಯ್ಯೋ ಮಿಲ್ಲಲ್ಲಿ ಹನ್ನೊಂದು ವರ್ಷ ಗರಗಸ ನಡೆಸ್ದೆ. ಅವ್ರ ಜೀವನ ಬರೆಯೋರು ಜೈಲಿಗೆ ಹೋಗಿದ್ದು ಬರೀತಾರೆ, ಸಭೆ ಕಟ್ಟಿದ್ದು ಬರೀತಾರೆ. ಫೆರಿನ್ ವಿಷ್ಯ ಬಿಟ್ಬಿಡ್ತಾರೆ. ನಾನು ಬಿಡಲ್ಲ. ಅದರಲ್ಲಿ ನನ್ನ ಕೈಯೂ ಇದೆ.

ನಾವು ಮಾರ್ಮನ್ನರು, ಕ್ರೈಸ್ತರಲ್ಲೇ ಒಂದು ಪಂಗಡ. ದೊಡ್ಡ ಚರ್ಚು ಬಹಳ ಹೆಂಡ್ತೀರ ತತ್ವ ಬಿಟ್ಟಿತು, ನಾವು ಬಿಡ್ಲಿಲ್ಲ. ಅದಕ್ಕೆ ನಮ್ಮನ್ನ ಹೊರಗೆ ಹಾಕಿದ್ರು. ಆದ್ರೆ ದೊಡ್ಡಪ್ಪ ಶುರುವಲ್ಲಿ ಆ ಕಡೆಯೋರೇ. ಹರೆಯದಲ್ಲಿ ಅವ್ರ ಊರಿನ ಬಿಷಪ್ಪು ಅವ್ರನ್ನ ಕರೆದು ಒಂದು ಕೆಲಸ ಕೊಟ್ಟಿದ್ರು. ಈಲಾಯ್ ಸ್ಟೌಟ್ ಅಂತ ಮುದುಕ, ಅವ್ರಿಗೆ ಗುಟ್ಟಾಗಿ ಎರಡು ಮನೆ ಇದೆ ಅಂತ ಗುಮಾನಿ. ಬೇಲಿ ಹಿಂದೆ ಕೂತು ನೋಡ್ಬೇಕು, ಬರ್ಕೋಬೇಕು. ದೊಡ್ಡಪ್ಪ ನೋಟ್ ಬುಕ್ಕಲ್ಲಿ ಉದ್ದಕ್ಕೆ ಎರಡು ಗೆರೆ ಎಳೆದು ಮೂರು ಭಾಗ ಮಾಡಿದ್ರು. ಮೊದಲನೇದ್ರಲ್ಲಿ ಯಾವ ಬಾಗಿಲು. ಎರಡನೇದ್ರಲ್ಲಿ ದೀಪ ಆರಿದ ಹೊತ್ತು. ಮೂರನೇದ್ರಲ್ಲಿ ಜಗಲಿ ಮೇಲೆ ಯಾರ ಬೂಟು. ಬಿಷಪ್ಪಿಗೆ ಬಹಳ ಹಿಡಿಸ್ತು. "ಇನ್ನಿಬ್ಬರಿಗೂ ಹೇಳಿಕೊಡು" ಅಂದ್ರು. ಹೇಳಿಕೊಟ್ರು.

ಒಂದು ಚಳಿಗಾಲ ಮುದುಕನೇ ಬೇಲಿ ಹತ್ರ ಬಂದ್ರಂತೆ. ಕೈಲಿ ಬಿಸಿ ಹಾಲು, ಅದ್ರಲ್ಲಿ ಬ್ರೆಡ್ಡು ಮುರಿದು ಹಾಕಿದ್ದು.

"ಏನಪ್ಪಾ, ಹಿಮದಲ್ಲಿ ಬರೆದ್ರೆ ಅಕ್ಷರ ನೆಟ್ಟಗೆ ಬರುತ್ತಾ? ಒಳಗೆ ಬಾ. ದೀಪ ಇದೆ, ಮೇಜಿದೆ. ಅನುಮಾನ ಬಂದ್ರೆ ನನ್ನನ್ನೇ ಕೇಳಿ ಬರ್ಕೊ."

ದೊಡ್ಡಪ್ಪ ಒಳಗೆ ಹೋದ್ರು. ಆ ಮನೇಲಿ ಪುಸ್ತಕ ಓದಿದ್ರು, ಮಾತು ಕೇಳಿದ್ರು. ಮೂರು ತಿಂಗಳಲ್ಲಿ ಮುದುಕನ ಕಡೆ ಆಗಿದ್ರು. ನೋಟ್ ಬುಕ್ಕು ಬಿಷಪ್ಪಿನ ಹತ್ರಾನೇ ಉಳೀತು. ಈ ಕತೆ ಅವ್ರು ಎಲ್ರಿಗೂ ನಗ್ತಾ ಹೇಳೋರು. ಆದ್ರೆ ಹೇಳ್ವಾಗ್ಲೂ ಕಿಟಕಿಗೆ ಬೆನ್ನು ಹಾಕಿ ಕೂರ್ತಿರ್ಲಿಲ್ಲ.

ಅದೇ ಊರಲ್ಲಿ ಆರ್ವಿಲ್ಲ ದೊಡ್ಡಮ್ಮನ್ನ ಮದ್ವೆ ಆದ್ರು. ಆಮೇಲೆ ಮೆಲ್ವೀನಕ್ಕ. ಆಮೇಲೆ ಇನೆಜಕ್ಕ. ಇನೆಜಕ್ಕನ್ನ ಡೈರಿ ಹಿಂದಿನ ಕೋಣೇಲಿ ಇಟ್ಟಿದ್ರು, ಹಾಲು ಕರೆಯೋ ಹೆಂಗಸು ಅಂತ ಹೇಳಿ. ಕಾಟ ಹೆಚ್ಚಾದಾಗ ಮೂವರನ್ನೂ ಕರ್ಕೊಂಡು ಇಲ್ಲಿಗೆ, ಗಡಿಗೆ ಬಂದ್ರು. ನಮ್ಮೂರ ನಡುವೆ ಎರಡು ರಾಜ್ಯದ ಗಡಿ ಹೋಗುತ್ತೆ. ಮೆಲ್ವೀನಕ್ಕನ ಮನೆ ಯೂಟಾದಲ್ಲಿ, ಇನೆಜಕ್ಕನ ಮನೆ ಅರಿಜೋನಾದಲ್ಲಿ. ಈ ಕಡೆ ಪೊಲೀಸ್ ಬಂದ್ರೆ ಆ ಕಡೆ ಊಟ, ಆ ಕಡೆ ಬಂದ್ರೆ ಈ ಕಡೆ.

ಅವ್ರಿಗೆ ಇದ್ದ ಭಯ ಒಂದೇ. ಯಾರಾದ್ರೂ ಒಬ್ಬ ಒಳಗಿನೋನು ಮೂರು ಹೆಸರು ಬರೆದು ಕೊಟ್ರೆ ಮೂರು ಮನೇನೂ ಹೋಯ್ತು.

"ಡೆಲ್, ನಾನು ಮಾಡಿದ ಕೆಲಸಾನ ಬೇರೆ ಯಾರೂ ಮಾಡಲ್ಲ ಅಂತ ಹೆಂಗೆ ನಂಬಲಿ?" ಅಂತಿದ್ರು.

ಮೂವತ್ತೈದನೇ ಇಸವಿ, ಏಪ್ರಿಲ್ ಕೊನೇಲಿ ಫೆರಿನ್ ಹ್ಯಾಡ್ಲಿ ಬಂದ. ಐಡಾಹೋದಿಂದ, ಮುರುಕು ಟ್ರಕ್ಕಲ್ಲಿ. ಜೊತೇಲಿ ಹೆಂಡ್ತಿ ಥೋರ. ಇಬ್ರಿಗೂ ಇಪ್ಪತ್ತೈದರ ಒಳಗೆ. ನಿಮ್ಮ ಜೊತೆ ಇರ್ತೀವಿ, ತತ್ವ ನಂಬ್ತೀವಿ ಅಂದ. ದೊಡ್ಡಪ್ಪ ಮಿಲ್ಲಲ್ಲಿ ಕೆಲಸ ಕೊಟ್ರು, ಖಾಲಿ ಇದ್ದ ಕಾಳಿನ ಕೊಟ್ಟಿಗೆ ಕೊಟ್ರು. ಸಭೆಗೆ ಮಾತ್ರ ಸೇರಿಸ್ಕೊಳ್ಲಿಲ್ಲ.

"ನೋಡೋಣ" ಅಂದ್ರು. ಅವ್ರು ನೋಡೋಣ ಅಂದ್ರೆ ನಿಜವಾಗ್ಲೂ ನೋಡ್ತಾರೆ ಅಂತ ಅರ್ಥ.

ಹುಡುಗ ಕೆಲಸಗಾರ. ಮಾತು ಕಮ್ಮಿ. ಒಂದು ವಿಷ್ಯ ಮಾತ್ರ ಎಲ್ರ ಕಣ್ಣಿಗೂ ಬಿತ್ತು. ಮೇ ತಿಂಗಳ ಬಿಸಿಲಲ್ಲಿ ದಿಮ್ಮಿ ಎತ್ತುವಾಗ ನಾವೆಲ್ಲ ಅಂಗಿ ತೋಳು ಮಡಿಸ್ತೀವಿ. ಫೆರಿನ್ ಮಡಿಸ್ತಿರ್ಲಿಲ್ಲ. ಮಣಿಕಟ್ಟಿನ ಗುಂಡಿ ಹಾಕಿದ್ದು ಹಾಕಿದಂಗೇ.

"ಏನೋ ಫೆರಿನ್, ಮದ್ವೆಗೆ ಹೊರಟಿದ್ದೀಯಾ?" ಅಂತ ನಾನೇ ಕೆಣಕ್ದೆ.

"ಸೊಳ್ಳೆ ಡೆಲ್ ಅಣ್ಣ" ಅಂದ.

"ಸೊಳ್ಳೆಗೂ ಇಲ್ಲಿ ಕುಡಿಯಕ್ಕೆ ನೀರಿಲ್ಲಪ್ಪ!"

ನಗಲಿಲ್ಲ ಅವ್ನು.

ನಾನು ಇದನ್ನ ದೊಡ್ಡಪ್ಪಂಗೆ ಹೇಳ್ದೆ. ಹೇಳ್ಬಾರ್ದಾಗಿತ್ತು. ಅವ್ರು ಬೀನ್ಸ್ ತಿಂತಿದ್ದ ಚಮಚ ಕೆಳಗಿಟ್ರು.

ನಮ್ಮ ಜನ ಬಟ್ಟೆ ಒಳಗೆ ಒಂದು ಬಿಳಿ ಒಳಂಗಿ ಹಾಕ್ತೀವಿ. ದೇವರಿಗೆ ಮಾತು ಕೊಟ್ಟ ಗುರುತು ಅದು. ಅದರ ಬಗ್ಗೆ ಬಾಯಿಬಿಟ್ಟು ಮಾತಾಡಲ್ಲ, ಕತ್ತರಿ ಹಾಕಲ್ಲ. ಹಳೇ ರೀತಿ ಒಳಂಗಿಗೆ ತೋಳು ಮಣಿಕಟ್ಟಿನ ತನಕ. ದೊಡ್ಡ ಚರ್ಚು ಅದಕ್ಕೆ ಹನ್ನೆರಡು ವರ್ಷ ಮೊದಲೇ ತೋಳು ಗಿಡ್ಡ ಮಾಡಿತ್ತು. ನಾವು ಮಾಡ್ಲಿಲ್ಲ. ಹಂಗಾಗಿ ನಮ್ಮೋನು ಅಂಗಿ ತೋಳು ಮಡಿಸಿದ್ರೆ ಕೆಳಗೆ ಬಿಳಿ ತೋಳು ಕಾಣುತ್ತೆ. ಬರೀ ಚರ್ಮ ಕಂಡ್ರೆ ಅವ್ನು ಆ ಕಡೆಯೋನು.

"ಅವ್ನ ತೋಳು ನೋಡು" ಅಂದ್ರು ದೊಡ್ಡಪ್ಪ.

"ಹೆಂಗೆ ನೋಡ್ಲಿ? ಕೇಳಕ್ಕಾಗುತ್ತಾ?"

"ಕೇಳ್ಬೇಡ. ನೋಡು."

ಆರ್ವಿಲ್ಲ ದೊಡ್ಡಮ್ಮ ಒಲೆ ಹತ್ರ ನಿಂತಿದ್ರು. ತಿರುಗಿದ್ರು. "ಇನ್ನೊಂದು ಹೇಳ್ತೀನಿ. ಆ ಹುಡುಗಿ ಎದೆ ಮೇಲೆ ಬಟ್ಟೆ ಒದ್ದೆ ಆಗಿತ್ತು. ಹಾಲು. ಎಂಟು ಹೆತ್ತ ಮನೆಯೋಳು ನಾನು, ನನಗೆ ಗೊತ್ತಾಗಲ್ವಾ? ಮಗು ಮಾತ್ರ ಎಲ್ಲೂ ಇಲ್ಲ."

"ಕೇಳಿದ್ಯಾ?"

"ಮಕ್ಕಳಿದಾವಾ ಅಂದೆ. ಇಲ್ಲ ಅಂದ್ಳು. ಮುಖ ಆ ಕಡೆ ತಿರುಗಿಸ್ಕೊಂಡ್ಳು. ಮತ್ತೆ ಕೇಳ್ಲಿಲ್ಲ."

ನಮ್ಮಲ್ಲಿ ಎರಡನೇ ಸಲ ಕೇಳೋ ರೂಢಿ ಇಲ್ಲ. ಯಾರ ಮಗು, ಎಲ್ಲಿದೆ, ಯಾಕೆ ಸುಳ್ಳು ಹೇಳ್ತಿದಾರೆ ಅಂತ ಕೇಳ್ತಾ ಹೋದ್ರೆ ನಮ್ಮೂರಲ್ಲಿ ಒಂದು ಮನೇನೂ ಉಳಿಯಲ್ಲ.

ದೊಡ್ಡಪ್ಪ ಗಡ್ಡ ಕೆರ್ಕೊಂಡ್ರು. "ಕೂಸನ್ನ ಅವಳಮ್ಮನ ಹತ್ರ ಬಿಟ್ಟು ಬಂದಿದಾರೆ. ಅಂದ್ರೆ ವಾಪಸ್ ಹೋಗೋ ಜನ. ಇರಕ್ಕೆ ಬಂದೋರಲ್ಲ, ನೋಡಕ್ಕೆ ಬಂದೋರು."

ಲೆಕ್ಕ ಸರಿಯಾಗೇ ಇದೆ ಅನ್ನಿಸ್ತು ನನಗೂ.

ಎರಡು ದಿನ ಬಿಟ್ಟು ನಾನೂ ಫೆರಿನ್ನೂ ದಿಮ್ಮಿ ಉರುಳಿಸ್ತಿದ್ವಿ. ನಾನು ಬೇಕು ಅಂತಲೇ ಕೊಕ್ಕೆ ಇರೋ ಕಡೆ ಅವನನ್ನ ನಿಲ್ಲಿಸ್ದೆ. ದಿಮ್ಮಿ ಹೊರಳಿದಾಗ ಕೊಕ್ಕೆ ಅವನ ಅಂಗಿಗೆ ಸಿಕ್ತು. ಮೊಣಕೈಯಿಂದ ಮಣಿಕಟ್ಟಿನ ತನಕ ಹರೀತು. ಒಳಗೆ ಬರೀ ತೋಳು. ರಕ್ತ ಬಂತು ಸ್ವಲ್ಪ.

ಅವ್ನು ನನ್ನ ಮುಖ ನೋಡ್ದ. ನಾನು ಅವ್ನ ತೋಳು ನೋಡ್ತಿದ್ದೆ. ಬೇಗ ಎಳೆದು ಮುಚ್ಕೊಂಡ.

"ಡೆಲ್ ಅಣ್ಣ, ಇದು ನೀನು ಅಂದ್ಕೊಂಡಂಗಲ್ಲ."

"ಮತ್ತೆ ಹೆಂಗೆ?"

ದಿಮ್ಮಿ ಹತ್ರ ಹೋಗಿ ನಿಂತ.

ಶನಿವಾರ ಮಧ್ಯಾಹ್ನ ದೊಡ್ಡಪ್ಪ ಮಿಲ್ಲಿಗೆ ಬಂದ್ರು. ಐದಾರು ಜನ ಗಂಡಸ್ರು ಇದ್ವಿ. ಕೂಗಾಡ್ಲಿಲ್ಲ ಅವ್ರು.

"ಫೆರಿನ್, ನಿನ್ನ ಯಾರು ಕಳಿಸಿದ್ದು ಅಂತ ನಾನು ಕೇಳಲ್ಲ. ನಾನೂ ಆ ಕೆಲಸ ಮಾಡಿದೋನೇ. ಎರಡು ಡಬ್ಬ ನೀರು ಟ್ರಕ್ಕಿಗೆ ಹಾಕ್ಸಿದ್ದೀನಿ. ಹೊರಡು."

"ದೊಡ್ಡಪ್ಪ, ಯಾರೂ ಕಳಿಸಿಲ್ಲ."

"ಹಂಗಾದ್ರೆ ತೋಳೆಲ್ಲಿ?"

ಫೆರಿನ್ ಟ್ರಕ್ಕಿನ ಕಡೆ ನೋಡ್ದ. ಥೋರ ಆಗ್ಲೇ ಹತ್ತಿ ಕೂತಿದ್ಳು, ಮಡಿಲಲ್ಲಿ ಒಂದು ಹಿಟ್ಟಿನ ಚೀಲ ಮಡಿಸಿ ಇಟ್ಕೊಂಡು. ಅವ್ಳು ತಲೆ ಆಡಿಸಿದ್ಳು, ಬೇಡ ಅಂತ.

"ಹೇಳಕ್ಕಾಗಲ್ಲ" ಅಂದ ಫೆರಿನ್.

"ಹೇಳಕ್ಕಾಗದ್ದು ನನಗೆ ಗೊತ್ತು" ಅಂದ್ರು ದೊಡ್ಡಪ್ಪ.

ಹೋದ್ರು. ಕೆಂಪು ಧೂಳು ಬಹಳ ಹೊತ್ತು ಕಾಣ್ತಿತ್ತು.

ಮೂರು ವಾರಕ್ಕೆ ಸರಿಯಾಗಿ ಶೆರಿಫ್ ಬಂದ. ಹುಡುಕ್ಲೇ ಇಲ್ಲ. ಹೆಸರು ಹಿಡಿದೇ ದಾರಿ ಕೇಳ್ಕೊಂಡು ನೇರ ಇನೆಜಕ್ಕನ ಮನೆಗೆ ನಡೆದ. ಕೈಲಿ ಪಟ್ಟಿ. ಮೂರು ಹೆಸರೂ ಓದ್ದ.

"ನೋಡಿದ್ಯಾ ಡೆಲ್?" ಅಂದ್ರು ದೊಡ್ಡಪ್ಪ, ಕೋಳ ಹಾಕಿಸ್ಕೊಳ್ತಾ. "ಬಂದ ದಿನಾನೇ ಓಡಿಸ್ಬೇಕಾಗಿತ್ತು."

ಊರೋರೆಲ್ಲ ಫೆರಿನ್ ಹೆಸರಿಗೆ ಉಗಿದ್ರು. ನಾನೂ ಉಗಿದೆ.

ಕೋರ್ಟಿಗೆ ನಾನೂ ಹೋಗಿದ್ದೆ. ಸರ್ಕಾರದ ವಕೀಲ ಆ ಪಟ್ಟಿ ಎತ್ತಿ ತೋರಿಸ್ದ. ನೋಟ್ ಬುಕ್ಕಿಂದ ಹರಿದ ಹಾಳೆ. ದೊಡ್ಡಪ್ಪ ನೋಡ್ಬೇಕು ಅಂದ್ರು. ಕೊಟ್ರು. ಹಾಳೆ ಹಿಡ್ಕೊಂಡು ಎಷ್ಟು ಹೊತ್ತು ನಿಂತ್ರು ಅಂದ್ರೆ ಜಡ್ಜು ಕೆಮ್ಮಿದ್ರು.

"ಓದಕ್ಕೆ ಬರಲ್ವೇನ್ರೀ?" ಅಂದ ವಕೀಲ. ಜನ ನಕ್ರು.

"ಬರುತ್ತೆ ಸ್ವಾಮಿ. ಒಪ್ಕೋತೀನಿ. ತಪ್ಪು ನಂದೇ."

ಮೆಟ್ಟಿಲ ಮೇಲೆ ಒಂದು ನಿಮಿಷ ನನ್ನ ಜೊತೆ ಮಾತಾಡಕ್ಕೆ ಬಿಟ್ರು.

"ಡೆಲ್, ಬಾಗಿಲು, ದೀಪ, ಬೂಟು. ನಾನು ಎಳೆದ ಗೆರೆ ಅದು. ನಾನು ಹೇಳಿಕೊಟ್ಟೋನು ಬರೆದಿದಾನೆ. ಇನೆಜ್ ಹೆಸರ ಮುಂದೆ ಡೈರಿ ಹಿಂದಿನ ಕೋಣೆ ಅಂತಿದೆ. ಒಟ್ಟು ಮಕ್ಕಳು ಐದು ಅಂತಿದೆ."

ಡೈರಿ ಇದ್ದಿದ್ದು ಹಳೇ ಊರಲ್ಲಿ. ಐದು ಮಕ್ಕಳು ಇದ್ದಿದ್ದು ನಾಲ್ಕು ವರ್ಷದ ಹಿಂದೆ. ಆಗ ಫೆರಿನ್ ಐಡಾಹೋದಲ್ಲಿ ಆಲೂಗಡ್ಡೆ ಅಗೀತಿದ್ದ. ನಮ್ಮ ಹೆಸರೂ ಕೇಳಿರ್ಲಿಲ್ಲ.

"ಅವನನ್ನ ಹುಡುಕು."

"ಸಿಕ್ಕಿದ್ರೆ ಏನ್ ಹೇಳ್ಲಿ?"

"ಬಾ ಅಂತ ಹೇಳು. ನಾನು ಕೇಳ್ದೆ ಅಂತ ಹೇಳು." ಆಮೇಲೆ ನಿಧಾನಕ್ಕೆ ಅಂದ್ರು, "ಆದ್ರೂ ಆ ತೋಳು ಯಾಕೆ ಹಂಗಿತ್ತು ಡೆಲ್?"

ಎರಡು ತಿಂಗಳಾದ್ಮೇಲೆ ಜೈಲಿಗೆ ಹೋದೆ, ದೊಡ್ಡಮ್ಮ ಹೊಲಿದ ಎರಡು ಹೊಸ ಒಳಂಗಿ ತಗೊಂಡು. ಕಾವಲಿನೋನು ಅವನ್ನ ಒಳಗೆ ಬಿಡ್ಲಿಲ್ಲ. ಜೈಲಿನ ಬಟ್ಟೆ ಬಿಟ್ಟು ಬೇರೆ ಹಾಕಂಗಿಲ್ಲ ಅಂದ. ದೊಡ್ಡಪ್ಪ ಕಂಬಿ ಹಿಂದೆ ಬಂದು ಕೂತ್ರು. ಗಿಡ್ಡ ತೋಳಿನ ಅಂಗಿ. ಇಷ್ಟು ವರ್ಷದಲ್ಲಿ ಅವ್ರ ಮೊಣಕೈ ನಾನು ನೋಡಿರ್ಲಿಲ್ಲ. ಬೆಳ್ಳಗೆ, ಸುಕ್ಕಾಗಿತ್ತು. ಕೈ ಕಟ್ಕೊಂಡು ಮುಚ್ಕೊಳ್ಳಕ್ಕೆ ನೋಡಿದ್ರು. ನಾನು ಗೋಡೆ ಕಡೆ ನೋಡ್ದೆ.

"ಒಂದು ನಂಗಿರ್ಲಿ, ಬಿಡುಗಡೆಗೆ" ಅಂದ್ರು. "ಇನ್ನೊಂದು ಆ ಹುಡುಗಂಗೆ ಕೊಡು."

ಫೆರಿನ್ ಸಿಕ್ಕಿದ್ದು ಸೆಪ್ಟೆಂಬರಲ್ಲಿ, ಉತ್ತರಕ್ಕೆ ಒಂದು ಪೀಚ್ ತೋಟದಲ್ಲಿ. ಏಣಿ ಮೇಲಿದ್ದ. ನನ್ನ ನೋಡಿ ಕೆಳಗಿಳೀಲಿಲ್ಲ.

"ಯಾರು ಕಳಿಸಿದ್ದು?"

"ದೊಡ್ಡಪ್ಪ."

"ಹಿಂದೆ ಯಾರಾದ್ರೂ ಬರ್ತಿದಾರಾ?"

"ಯಾರೂ ಇಲ್ಲ ಕಣೋ. ಒಬ್ನೇ ಬಂದೆ."

"ಎಲ್ಲಿ, ತೋಳು ತೋರ್ಸು."

ನಾನು ಮಣಿಕಟ್ಟಿನ ಗುಂಡಿ ಬಿಚ್ಚಿ ಅಂಗಿ ತೋಳು ಮೇಲೇರಿಸ್ದೆ. ಬಿಳಿ ತೋಳು ನೋಡಿದ್ಮೇಲೆ ಇಳಿದ.

ನಾನು ಕೋರ್ಟಿನ ಹಾಳೆ ವಿಷ್ಯ ಹೇಳ್ದೆ. ತಪ್ಪಾಯ್ತು ಅಂದೆ. ಕೊಕ್ಕೆ ಹತ್ರ ಬೇಕು ಅಂತಲೇ ನಿಲ್ಲಿಸಿದ್ದು ಅಂತಾನೂ ಹೇಳ್ದೆ.

"ಅದು ಆವತ್ತೇ ಗೊತ್ತಾಯ್ತು" ಅಂದ.

ಥೋರ ಬುಟ್ಟಿ ಹೊತ್ಕೊಂಡು ಬಂದ್ಳು. ಇಳಿಸಿದ್ಳು. ಅವ್ಳೇ ಹೇಳಿದ್ಳು, ನಿಂತ್ಕೊಂಡೇ.

"ಬರೋ ದಾರೀಲಿ ಕೂಸು ಹೋಯ್ತು ಅಣ್ಣ. ಒಂಬತ್ತು ದಿನದ್ದು. ಹತ್ರ ಇದ್ದಿದ್ದು ಹಿಟ್ಟಿನ ಚೀಲ ಒಂದೇ. ಚೀಲದಲ್ಲಿ ಸುತ್ತಿ ಮಣ್ಣಿಗೆ ಹಾಕಲ್ಲ ಅಂದೆ ನಾನು. ಬಿಳಿ ಬಟ್ಟೆ ಬೇಕು ಅಂದೆ. ಇವ್ರು ಅಂಗಿ ಬಿಚ್ಚಿ ಒಳಂಗಿ ತೋಳು ಕತ್ತರಿಸು ಅಂದ್ರು. ಅದಕ್ಕೆ ಕತ್ತರಿ ಹಾಕ್ಬಾರ್ದು ಅಂತ ನಂಗೆ ಗೊತ್ತಿಲ್ವಾ? ಹಾಕ್ದೆ. ಎರಡು ತೋಳಲ್ಲಿ ಅದಕ್ಕೊಂದು ಅಂಗಿ ಆಯ್ತು. ಯಾರಿಗೂ ಹೇಳಲ್ಲ ಅಂತ ನನ್ನ ಹತ್ರ ಆಣೆ ಹಾಕಿದ್ರು."

ನಾನು ಒಳಂಗಿ ಸುತ್ತಿದ್ದ ಪೊಟ್ಟಣ ಮುಂದೆ ಹಿಡ್ದೆ. ಫೆರಿನ್ ಮುಟ್ಲಿಲ್ಲ. ಥೋರ ಬಿಚ್ಚಿ, ತೋಳಿನ ಉದ್ದ ಗೇಣಲ್ಲಿ ಅಳೆದು, ಮಡಿಸಿ ಕಂಕುಳಲ್ಲಿ ಇಟ್ಕೊಂಡ್ಳು.

"ಬನ್ನಿ ವಾಪಸ್" ಅಂದೆ.

"ಊರಲ್ಲಿ ಈಗ್ಲೂ ಹೊಸಬರನ್ನ ಹಂಗೇ ನೋಡ್ತಾರಾ?" ಅಂತ ಕೇಳ್ದ ಫೆರಿನ್.

ಸುಳ್ಳು ಹೇಳಕ್ಕೆ ಬರಲಿಲ್ಲ. "ನೋಡ್ತಾರೆ."

"ಹಂಗಾದ್ರೆ ಇಲ್ಲೇ ಇರ್ತೀವಿ." ಏಣಿ ಹತ್ತಿದ. ಹತ್ತಿ ಮೇಲಿಂದ ಒಂದು ಪೀಚ್ ಎಸೆದ, ದಾರಿಗೆ ಆಗುತ್ತೆ ಅಂತ.

ದೊಡ್ಡಪ್ಪ ಒಂದು ವರ್ಷಕ್ಕೆ ಬಿಡುಗಡೆ ಆದ್ರು. ಟ್ರಕ್ಕು ಹತ್ತಿದ್ಮೇಲೆ ಮೊದಲು ಕೇಳಿದ್ದು, "ತಗೊಂಡ್ನಾ?" ಅಂತ. ಥೋರ ತಗೊಂಡ್ಳು ಅಂದೆ. ಕೂಸಿನ ವಿಷ್ಯಾನೂ ಹೇಳ್ದೆ. ಮನೇಲಿ ಆರ್ವಿಲ್ಲ ದೊಡ್ಡಮ್ಮಂಗೆ ಹೇಳಿದಾಗ ಅವ್ರು ಒಲೆ ಮುಂದೆ ಕೂತುಬಿಟ್ರು. "ಹಾಲು ನೋಡ್ದೆ ನಾನು. ನೋಡಿಯೂ..." ಅಂದ್ರು.

ದೊಡ್ಡಪ್ಪ ಇನ್ನೂ ಹದಿನಾಲ್ಕು ವರ್ಷ ಬದುಕಿದ್ರು. ಮೂರು ಮನೇನೂ ಉಳಿಸ್ಕೊಂಡ್ರು. ಸಭೆ ದೊಡ್ಡದಾಯ್ತು, ಹೊಸಬರು ಬರ್ತಾನೇ ಇದ್ರು. ಅವ್ರ ತೋಳು ನೋಡು ಅಂತ ದೊಡ್ಡಪ್ಪ ನನಗೆ ಮತ್ತೆ ಒಂದು ದಿನಾನೂ ಹೇಳ್ಲಿಲ್ಲ.

ಹೇಳದಿದ್ರೂ ನಾನು ನೋಡ್ತಿದ್ದೆ. ಈಗ್ಲೂ ನೋಡ್ತೀನಿ.