ಹಳೇ ಮನೆಗೆ ಹೊರಟ ಹುಡುಗಿ

ನವನಗರದಲ್ಲಿ ಟಂಟಂ ಆಟೋ ಓಡಿಸುವ ವಿಜಯಮಹಾಂತೇಶ ಒಂದು ಕಾಲಕ್ಕೆ ಭಾಳ ಮಾತಿನ ಮನುಷ್ಯ. ಸೀಟು ತುಂಬುವವರೆಗೆ ಜನರನ್ನು ನಗಿಸುತ್ತ ನಿಲ್ಲಿಸಿಕೊಳ್ಳುತ್ತಿದ್ದ. ಹೆಂಡತಿ ಶೀಲಾ ಕಾಮಾಲೆಯಾಗಿ ತೀರಿಕೊಂಡಳು ನೋಡಿ, ಮಾತು ಅಲ್ಲಿಗೆ ನಿಂತಿತು. ಗಾಡಿ ತೊಳೆಯುತ್ತಿದ್ದ, ಓಡಿಸುತ್ತಿದ್ದ, ಬಡಿಸಿದ್ದನ್ನು ಉಣ್ಣುತ್ತಿದ್ದ. ಸಾರಿಗೆ ಉಪ್ಪಿಲ್ಲದಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ.

ಏಳು ವರ್ಷದ ಮಗಳು ಮಹೇಶ್ವರಿ ಅವ್ವ ಎಲ್ಲಿ ಎಂದು ಕೇಳಿದಾಗ ಅವಳ ಅಜ್ಜಿ, ಆಯಿ ಗುರುಸಿದ್ದವ್ವ, "ಹಳೇ ಮನಿಗೆ ಹೋಗ್ಯಾಳವ್ವಾ," ಅಂದುಬಿಟ್ಟಳು. ಹಳೇ ಬಾಗಲಕೋಟೆಯ ಆ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಎಷ್ಟೋ ವರ್ಷವಾಗಿದ್ದು ಹುಡುಗಿಗೂ ಗೊತ್ತಿತ್ತು. ವಿಜಯಮಹಾಂತೇಶ ಪಕ್ಕದಲ್ಲೇ ಕುಳಿತಿದ್ದ. ತಿದ್ದಲಿಲ್ಲ.

ಮುಂದೆ ಹುಡುಗಿಗೆ ಅಪ್ಪನ ಮೊಬೈಲಿನಲ್ಲಿ ಒಂದು ಆಟ ಸಿಕ್ಕಿತು. ತಾಯಿಯಿಲ್ಲದ ಹುಡುಗನೊಬ್ಬ ಬೆನ್ನಿಗೆ ಟವೆಲ್ ಕಟ್ಟಿಕೊಂಡು, ತಾನು ಸೂಪರ್‌ಹೀರೋ ಎಂದು ತಿರುಗುವ ಕಥೆ. ಮಹೇಶ್ವರಿ ಶೀಲಾಳ ವೇಲು ಕಟ್ಟಿಕೊಂಡಳು.

"ಅಪ್ಪಾ, ನನಗ ನೀರಾಗ ಉಸಿರಾಡೂ ಶಕ್ತಿ ಐತಿ. ಬಕೆಟ್ಟಿನ್ಯಾಗ ಮಾರಿ ಅದ್ದಿ ನೋಡೇನಿ."

"ಹೂಂ," ಅಂದ. ಅವನ ಕಿವಿಗೆ ಅದು ಬಿದ್ದಿರಲೇ ಇಲ್ಲ.

ಶಾಲೆಗೆ ಸೂಟಿಯಿದ್ದ ಒಂದು ದಿನ ಮಗಳನ್ನೂ ಗಾಡಿಯಲ್ಲಿ ಕೂರಿಸಿಕೊಂಡಿದ್ದ. ಹಿನ್ನೀರಿನ ದಂಡೆಯ ಹತ್ತಿರ ಇಮಾಮಸಾಬ ಎಂಬ ಮುದುಕನ ಜೋಳದ ಚೀಲ ಇಳಿಸುವಾಗ ಮುದುಕ ಅಂದ: "ಲೇ ಮಾಂತ್ಯಾ, ನಿನ್ನ ಮಗಳು ನೀರಾಗ ಹೊಂಟಾಳ ನೋಡಲೇ."

ಓಡಿದ. ನೀರು ಅವಳ ಎದೆಮಟ್ಟ ಬಂದಿತ್ತು. ರಟ್ಟೆ ಹಿಡಿದು ಎಳೆದು ತಂದ.

"ಬಿಡಪಾ, ಅವ್ವನ್ನ ಕರ್ಕೊಂಡ ಬರ್ತೇನಿ."

"ಅಲ್ಲಿಲ್ಲ ಅಕಿ."

"ಆಯಿ ಹೇಳ್ಯಾಳ."

"ಸುಳ್ಳ ಹೇಳ್ಯಾಳ. ನಾನೂ ಸುಮ್ಮನ ಕುಂತೆ. ನಿಮ್ಮವ್ವ ಸತ್ತಾಳ. ಮಣ್ಣ ಮಾಡೇವಿ."

ಆ ಮಾತನ್ನು ಅವನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಬೇರೆ ಯಾರೋ ಹೇಳಿದಂತೆ ಕೇಳಿಸಿತು.

ಹುಡುಗಿ ಯೋಚಿಸಿದಳು. "ಬಾಜೂ ಮನಿ ಮುತ್ಯಾನ್ನ ಕುಣ್ಯಾಗ ಕುಂದರ್ಸಿ ಮಣ್ಣ ಹಾಕಿದ್ರಲ್ಲ, ಹಂಗ?"

"ಹಂಗ."

"ಕುಂತಾಕಿ ಎದ್ದು ಬರೂದು ಸಲೀಸ ಅಲ್ಲೇನು?"

"ಬರೂದಿಲ್ಲವ್ವಾ. ಯಾವ ಶಕ್ತಿ ಇದ್ರೂ ಬರೂದಿಲ್ಲ."

ಇಮಾಮಸಾಬ ಚೀಲವನ್ನು ತಾನೇ ಹೆಗಲಿಗೇರಿಸಿದ. "ಕೂಸಿಗೆ ಥಂಡಿ ಹತ್ತೀತು, ಮೊದಲ ಮೈ ಒರಸು," ಎಂದು ನಡೆದ.

ಮಹೇಶ್ವರಿ ಹಿಂದಿನ ಸೀಟಿನ ಮೂಲೆಗೆ ಹೋಗಿ ಕುಳಿತಳು. ಸ್ವಲ್ಪ ಹೊತ್ತಿಗೆ ಅಳು ಕೇಳಿಸಿತು. ವಿಜಯಮಹಾಂತೇಶ ಡ್ರೈವರ್ ಸೀಟು ಬಿಟ್ಟಿಳಿದು ಹಿಂದೆ ಬಂದು ಕುಳಿತ. ತನ್ನ ಅಂಗಿ ಬಿಚ್ಚಿ ಅವಳಿಗೆ ಹೊದಿಸಿದ.

ರಸ್ತೆಯಲ್ಲಿ ಯಾರೋ ಕೈಮಾಡಿ ಕೇಳಿದರು: "ನವನಗರಕ್ಕ ಹೊಂಟೈತೇನ್ರಿ?"

"ಈಗಿಲ್ರಿ," ಅಂದ.