ಗಾಡಿಯ ಸ್ನಾನ

ಕೂಡ್ಲಿಗಿಯಲ್ಲಿ ಅಬ್ದುಲ್ ವಹಾಬರ ಗ್ಯಾರೇಜು ನನ್ನ ಜೆರಾಕ್ಸ್ ಅಂಗಡಿಯ ಎದುರಿಗೇ ಇದೆ. ಮೂವತ್ತು ವರ್ಷದಿಂದ ಗಾಡಿ ರಿಪೇರಿ ಮಾಡುತ್ತಿದ್ದಾರೆ. ಮಾತಿನಲ್ಲಿ ಮಹಾ ಜಿಪುಣ. ಕೆಲಸ ಮುಗಿದರೆ ‘ಆತು’ ಅನ್ನುತ್ತಾರೆ, ಮುಗಿಯದಿದ್ದರೆ ಅದೂ ಇಲ್ಲ. ಗಿರಾಕಿಗಳು ಕಾದು ಸುಸ್ತಾಗಿ, ಗಾಡಿ ಯಾವಾಗ ಸಿಗುತ್ತದೆಂದು ನನ್ನನ್ನು ಬಂದು ಕೇಳುತ್ತಾರೆ. ನನಗೇನು ಗೊತ್ತು?

ನಾಲ್ಕು ವರ್ಷದ ಹಿಂದೆ ಈ ಮನುಷ್ಯ ಬಾಯಿ ಬಿಡಲೇಬೇಕಾದ ಹೊತ್ತಿನಲ್ಲೂ ಬಿಡಲಿಲ್ಲ. ಅಂದು ಅಮಾವಾಸ್ಯೆ. ಆಟೋ ಓಡಿಸುವ ಪಾಲಾಕ್ಷ ರಿಪೇರಿಗೆ ಬಿಟ್ಟಿದ್ದ ತನ್ನ ಗಾಡಿಗೆ ಪೂಜೆ ಮಾಡಲು ಗ್ಯಾರೇಜಿಗೇ ಬಂದ. ನಮ್ಮ ಕಡೆ ಅಮಾವಾಸ್ಯೆಗೆ ಗಾಡಿಗೆ ಕಾಯಿ, ಕರ್ಪೂರ ತಪ್ಪುವುದಿಲ್ಲ, ಗಾಡಿ ಎಲ್ಲಿದ್ದರೂ ಸರಿ. ಟ್ಯಾಂಕಿನಿಂದ ಪೆಟ್ರೋಲು ಜಿನುಗುತ್ತಿದ್ದುದನ್ನು ವಹಾಬರು ನೋಡಿದ್ದರು. ಆದರೆ ಇನ್ನೊಬ್ಬರ ದೇವರಿಗೆ ಹಚ್ಚುವ ಕರ್ಪೂರವನ್ನು ಬೇಡವೆಂದು ಸಾಬರಾದ ತಾನು ಹೇಗೆ ಹೇಳುವುದೆಂದು ಹಿಂದೆ ಮುಂದೆ ನೋಡಿದರು. ಅಷ್ಟರಲ್ಲಿ ಬೆಂಕಿ ಹತ್ತಿತು. ಪಾಲಾಕ್ಷ ಬದುಕಿದ. ಬಲಗಾಲು ಮೊಣಕಾಲಿನಿಂದ ಕೆಳಗೆ ಸುಟ್ಟಿತು, ಈಗಲೂ ಕುಂಟುತ್ತಾನೆ, ಆಟೋ ಬಿಟ್ಟಿದ್ದಾನೆ. ನನಗೆ ವಹಾಬರ ಮೇಲೆ ಬಹಳ ದಿನ ಸಿಟ್ಟಿತ್ತು.

ಆಮೇಲೆ ಅವರು ಇಂಥ ಹೊತ್ತಿಗೆಂದೇ ಒಂದು ಮಾತು ಕಂಡುಕೊಂಡರು. ಮೊನ್ನೆ ಅಮಾವಾಸ್ಯೆಯ ದಿನ ಅದನ್ನೇ ಬಳಸಿದರು.

ಸಂತೆಗಳಲ್ಲಿ ಪಾತ್ರೆ ಮಾರುವ ತಂಬ್ರಹಳ್ಳಿಯ ದುರುಗಮ್ಮ, ಪೆಟ್ರೋಲ್ ವಾಸನೆ ಬರುತ್ತದೆಂದು ಹಿಂದಿನ ದಿನ ತನ್ನ ಹಳೆಯ ವ್ಯಾನು ಬಿಟ್ಟುಹೋಗಿದ್ದಳು. ವಹಾಬರು ಬ್ಯಾಟರಿಯ ವೈರು ಬಿಚ್ಚಿ, ಪೆಟ್ರೋಲು ಇಳಿಸಿ ಕ್ಯಾನುಗಳನ್ನು ದೂರ ಇಟ್ಟು, ಟ್ಯಾಂಕನ್ನು ಬಯಲಿಗೆ ತಂದಿದ್ದರು. ಆಕೆ ಪೂಜೆಯ ತಟ್ಟೆ, ಬೆಂಕಿಪೊಟ್ಟಣ ಹಿಡಿದು ಬಂದಳು.

“ಅಕ್ಕಾ, ಗಾಡಿದಿನ್ನಾ ಸ್ನಾನ ಆಗಿಲ್ರಿ” ಎಂದರು ವಹಾಬರು.

ದುರುಗಮ್ಮ ಅಲ್ಲೇ ನಿಂತಳು. ಸ್ನಾನವಿಲ್ಲದೆ ಪೂಜೆ ಯಾರು ಮಾಡುತ್ತಾರೆ? “ಮಾಡ್ಸ್ರಿ ಮತ್ತ” ಎಂದು ತಟ್ಟೆಯನ್ನು ನನ್ನ ಅಂಗಡಿಯ ಕಟ್ಟೆಯ ಮೇಲಿಟ್ಟಳು.

ಕುತೂಹಲ ತಡೆಯದೆ ನಾನೂ ಆಕೆಯ ಹಿಂದೆ ಹೋದೆ. ವಹಾಬರು ಟ್ಯಾಂಕಿನ ತೂತುಗಳಿಗೆಲ್ಲ ಬಿರಡೆ ಹಾಕಿ, ಸೈಕಲ್ ಪಂಪಿನಿಂದ ಮೆಲ್ಲಗೆ ಸ್ವಲ್ಪವೇ ಗಾಳಿ ತುಂಬಿದರು. ಆಮೇಲೆ ಬ್ರಷ್ಷಿನಿಂದ ಸೋಪಿನ ನೀರು ಬಳಿಯುತ್ತಾ ಹೋದರು. ಬೆಸುಗೆಯ ಹತ್ತಿರ ಸಾಸಿವೆಯಷ್ಟು ಗುಳ್ಳೆ ಎದ್ದಿತು. ಒರೆಸಿದರೆ ಮತ್ತೆ ಎದ್ದಿತು.

“ಇಲ್ಲೇ ಸೋರ್ತೈತಿ.”

“ಖಾಲಿ ಐತಲ್ರಿ, ಈಗೇನು ಭಯ?” ಎಂದಳು ದುರುಗಮ್ಮ.

“ಖಾಲಿ ಟ್ಯಾಂಕೇ ಹೆಚ್ಚು ಡೇಂಜರ್ರಿ. ಒಳಗ ಆವಿ ತುಂಬಿರ್ತೈತಿ. ಒಂದು ಕಿಡಿ ಸಾಕು.”

ದುರುಗಮ್ಮ ಕಟ್ಟೆಯ ಮೇಲಿದ್ದ ತಟ್ಟೆ ನೋಡಿದಳು. ವಹಾಬರನ್ನು ನೋಡಿದಳು. ಆಕೆಗೆ ಸ್ನಾನದ ಅರ್ಥ ಹೊಳೆಯಿತು.

“ಅಲ್ರಿ ಸಾಬ್ರೇ, ಕರ್ಪೂರ ಹಚ್ಚಬ್ಯಾಡ, ಬೆಂಕಿ ಹತ್ತತೈತಿ ಅಂತ ನೆಟ್ಟಗ ಹೇಳಿದ್ರ ಆಗ್ತಿರ್ಲಿಲ್ಲೇನು? ನಾನೇನು ಬೈತಿದ್ನಾ?”

ವಹಾಬರ ಕೈಯ ಬ್ರಷ್ಷು ನಿಂತಿತು.

“ಬೈತಿರ್ಲಿಲ್ಲೇನ್ರಿ?”

“ಜೀವ ಉಳ್ಸೋ ಮಾತು ಹೇಳಿದ್ರ ಯಾರು ಬೈತಾರ್ರಿ?”

ವಹಾಬರು ಒದ್ದೆ ನೆಲದ ಮೇಲೇ ಕುಳಿತುಬಿಟ್ಟರು. ಅಷ್ಟು ವರ್ಷದಲ್ಲಿ ಅವರು ಹಾಗೆ ಕುಳಿತದ್ದನ್ನು ನಾನು ನೋಡಿರಲಿಲ್ಲ. ನನ್ನಲ್ಲಿ ಉಳಿದಿದ್ದ ಸಿಟ್ಟೂ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

“ಹಂಗಾರ ಪಾಲಾಕ್ಷನೂ ಬೈತಿರ್ಲಿಲ್ಲ” ಎಂದರು.

ದುರುಗಮ್ಮನಿಗೆ ಪಾಲಾಕ್ಷ ಯಾರೆಂದು ಗೊತ್ತಿಲ್ಲ. “ಇಲ್ರಿ, ಅವನ್ಯಾಕ ಬೈತಾನ” ಎಂದು ಹೇಳಿ, ಕಾಯಿ ಒಡೆಯಲು ದೂರದಲ್ಲೊಂದು ಜಾಗ ಹುಡುಕತೊಡಗಿದಳು.