ಒಣ ಅಕ್ಕಿ

ಸುಳ್ಳು ಹಿಡಿಯುವ ಯಂತ್ರದ ಪರೀಕ್ಷೆಗೆ ಒಪ್ಪುವೆನೋ ಇಲ್ಲವೋ ಹೇಳಲು ನನಗೆ ಎರಡು ದಿನ ಸಮಯವಿತ್ತು. ಕಲಬುರಗಿಯಲ್ಲಿ ನಾನು ಕೆಲಸ ಮಾಡುವ ಕಾಲೇಜಿನಲ್ಲಿ ಪ್ರಶ್ನೆಪತ್ರಿಕೆಯ ಲಕೋಟೆಯೊಂದರ ಸೀಲು ಒಡೆದಿತ್ತು. ಕಪಾಟಿನ ಕೀಲಿ ಇದ್ದದ್ದು ಮೂವರ ಬಳಿ; ಅವರಲ್ಲಿ ನಾನೊಬ್ಬ.

"ಒತ್ತಾಯ ಇಲ್ರಿ. ಖುಷಿ ಇದ್ರ ಸಹಿ ಮಾಡ್ರಿ," ಅಂದರು ಪೊಲೀಸ್ ಅಧಿಕಾರಿ.

ಖುಷಿ! ತಲೆಯ ಮೇಲೆ ಹೆಲ್ಮೆಟ್ ಇದ್ದೂ ಟ್ರಾಫಿಕ್ ಪೊಲೀಸರನ್ನು ಕಂಡು ಬೆವರುವವನು ನಾನು.

ಪರಿಚಯದ ವಕೀಲರು ಧೈರ್ಯ ಹೇಳಿದರು: "ಅದು ಸುಳ್ಳ ಹಿಡಿಯಂಗಿಲ್ರಿ. ಎದೆಬಡಿತ, ಉಸಿರು, ಬೆವರು, ಇಷ್ಟೇ ಹಿಡೀತದ. ಕೋರ್ಟಿನಾಗ ಅದೊಂದರ ಮ್ಯಾಲೆ ಏನೂ ನಡ್ಯಂಗಿಲ್ಲ." ನನ್ನ ಭಯ ಹೆಚ್ಚಿತು. ಆ ಮೂರೂ ನನ್ನಲ್ಲಿ ಯಾವಾಗಲೂ ಧಾರಾಳ.

ಮರುದಿನ ಕಮಲಾಪುರದ ಬಸ್ಸು ಹತ್ತಿದೆ. ಅಲ್ಲಿ ಅಕ್ಕ ಇದ್ದಾಳೆ. ಇಂಥದೇ ಒಂದು ಪರೀಕ್ಷೆಯಲ್ಲಿ ನಾನು ಫೇಲಾದದ್ದನ್ನು ಕಂಡವರಲ್ಲಿ ಈಗ ಉಳಿದಿರುವವಳು ಅವಳೊಬ್ಬಳೇ.

ಅಕ್ಕನ ಮದುವೆಗೆ ನಾಲ್ಕು ದಿನವಿದ್ದಾಗ ಅವಳ ಒಂದು ಬೆಂಡೋಲೆ ಕಳೆಯಿತು. ನನಗಾಗ ಹನ್ನೆರಡು. ಅಜ್ಜಿ ದೇವರ ಮುಂದಿಟ್ಟ ಅಕ್ಕಿಯನ್ನು ಮನೆಮಂದಿಗೆಲ್ಲ ಅಷ್ಟಷ್ಟು ಹಂಚಿ, ಅಗಿದು ಬಾಳೆಯೆಲೆಯ ಮೇಲೆ ಉಗುಳಲು ಹೇಳಿದಳು. ಕಳ್ಳನ ಬಾಯಿ ಒಣಗುತ್ತದಂತೆ. ಎಲ್ಲರದೂ ನೆನೆದು ಹಿಟ್ಟಾಗಿ ಬಂತು. ನನ್ನದು ಕಾಳು ಕಾಳಾಗಿ ಉದುರಿತು, ತೊಳೆದು ಅನ್ನಕ್ಕಿಡಬಹುದಿತ್ತು. ಬೆಂಡೋಲೆ ನಾನು ಮುಟ್ಟಿರಲಿಲ್ಲ. ಯಾರೂ ಬೈಯಲಿಲ್ಲ. ಎಲೆ ಮಡಿಚಿ ಎತ್ತಿದರು, ಅಷ್ಟೆ.

ಅಲ್ಲಿಯವರೆಗೆ ನಾನು ಶಾಲೆಯಿಂದ ತರುವ ಪ್ರತಿ ಸುದ್ದಿಗೂ ಅಕ್ಕ "ಖರೇ?" ಎಂದು ಕಣ್ಣರಳಿಸುತ್ತಿದ್ದಳು. ಆಮೇಲೆ ಆ ಮಾತು ಅವಳ ಬಾಯಿಂದ ಬರಲೇ ಇಲ್ಲ. ಅದನ್ನು ಇನ್ನೊಮ್ಮೆ ಕೇಳುವ ಆಸೆಯಿಂದ ಮೂವತ್ತೈದು ವರ್ಷಗಳಿಂದ ಕಮಲಾಪುರಕ್ಕೆ ಹೋಗಿಬರುತ್ತಿದ್ದೇನೆ. ಹೆಂಡತಿಗೆ ಹೇಳುವುದು ಅಲ್ಲಿನ ಕೆಂಪು ಬಾಳೆಹಣ್ಣಿನ ನೆಪ.

ಆ ದಿನವೂ ಅಕ್ಕ ಹಣ್ಣು ಕೊಟ್ಟಳು. ಪೊಲೀಸರ ಕಾಗದವನ್ನು ನನ್ನಿಂದಲೇ ಓದಿಸಿದಳು.

"ಸಹಿ ಹಾಕಬ್ಯಾಡ."

"ನಾ ಏನೂ ಮಾಡಿಲ್ಲಕ್ಕಾ."

"ಆತು ಬಿಡು. ಹಾಕಬ್ಯಾಡ ಅಂದ್ರ ಹಾಕಬ್ಯಾಡ. ಸಣ್ಣಾಂವ ಇದ್ದಾಗಿಂದ ನಿನ್ನ ಮಾರೀನೇ ಹೇಳಿಬಿಡ್ತದ, ಮಷೀನ್ ಯಾಕ ಬೇಕು?"

ಅವಳು ನಕ್ಕಳು. ನಾನೂ ನಕ್ಕೆ. ಆ ನಗುವಿನಲ್ಲೇ ಹೇಳಿಬಿಟ್ಟೆ: "ಅಕ್ಕಾ, ಆ ಬೆಂಡೋಲಿ ನೀ ತಗೊಂಡಿಯೇನು ಅಂತ ಒಮ್ಮೆ ಕೇಳು ನನ್ನ."

ಅವಳು ಹಣ್ಣಿನ ಸಿಪ್ಪೆಗಳನ್ನು ತಾಟಿಗೆ ಹಾಕಿದಳು. ಕೂದಲು ಉದುರಿದ ನನ್ನ ನೆತ್ತಿಯ ಮೇಲೆ ಕೈಯಿಟ್ಟಳು.

"ಯಾಕ ಕೇಳಬೇಕೋ ತಮ್ಮಾ? ಕೇಳಿದ್ರ ನೀ ಸುಳ್ಳ ಹೇಳಬೇಕಾಗ್ತದ."

ನಾನು ಪೊಲೀಸರ ಕಾಗದವನ್ನು ಮಡಿಚಿ ಜೇಬಿಗಿಟ್ಟೆ.